ಎರಡು ಸಂಸ್ಥೆ ಒಂದಾದ ಮೇಲೆ ಒಂದು ತಂಡವಾಗುವುದು ಹೇಗೆ? ಮೈಸೂರು, ಮಂಡ್ಯದ ನೌಕರರು ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಂಕು, ಸಹಕಾರ ಸಂಘ, ಕಾರ್ಖಾನೆ, ಆಸ್ಪತ್ರೆ, ಕಾಲೇಜು ಯಾವುದೇ ಇರಲಿ, ವಿಲೀನ ಎಂಬುದು ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿ ಈಗ ಯಾರಿಗೂ ಹೊಸ ಸುದ್ದಿಯಲ್ಲ. ಆಸ್ತಿ, ಸಾಲ, ಷೇರು, ತಂತ್ರಾಂಶಗಳನ್ನು ಜೋಡಿಸಲು ಲೆಕ್ಕಪರಿಶೋಧಕರೂ ವಕೀಲರೂ ಇರುತ್ತಾರೆ. ಜನರನ್ನು ಜೋಡಿಸಲು ಬಹಳ ಕಡೆ ಒಂದು ಸುತ್ತೋಲೆ, ಒಂದು ಊಟ, ಒಂದು ಗ್ರೂಪ್ ಫೋಟೋ ಇಷ್ಟೇ. ನೌಕರರ ತರಬೇತಿಯ ಕೆಲಸದಲ್ಲಿ ಎರಡೂ ಕಡೆಯವರು ನನ್ನಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಎಲ್ಲ ಉತ್ತರಗಳ ಹಿಂದೆಯೂ ಒಂದು ನಿಲುವಿದೆ: ಚಿಕ್ಕ ಕಡೆಯವರು ಮಾತ್ರ ಬದಲಾಗಬೇಕು ಎಂದು ದೊಡ್ಡ ಕಡೆಯವರು ಅಂದುಕೊಂಡಿರುವವರೆಗೆ ಅಲ್ಲಿ ಒಂದೇ ತಂಡ ಹುಟ್ಟುವುದಿಲ್ಲ.

ವಿಲೀನವಾಗಿ ವರ್ಷ ಕಳೆಯಿತು. ಇನ್ನೂ ‘ನಾವು’, ‘ಅವರು’ ಎಂದೇ ಮಾತು. ಇದು ಸಹಜವೇ?

ಸಹಜ. 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹೆನ್ರಿ ತಾಜ್‌ಫೆಲ್ ಎಂಬ ಮನೋವಿಜ್ಞಾನಿ ಶಾಲಾ ಹುಡುಗರನ್ನು ಅತ್ಯಂತ ಕ್ಷುಲ್ಲಕ ಕಾರಣ ಹೇಳಿ ಎರಡು ಗುಂಪು ಮಾಡಿದರು. ತನ್ನ ಗುಂಪಿನಲ್ಲಿ ಬೇರೆ ಯಾರಿದ್ದಾರೆ ಎಂಬುದೂ ಹುಡುಗನಿಗೆ ಗೊತ್ತಿರಲಿಲ್ಲ. ಆದರೂ ಹಣ ಹಂಚುವ ಅವಕಾಶ ಸಿಕ್ಕಾಗ ಹುಡುಗರು ತಮ್ಮ ಗುಂಪಿನ ಕಡೆಗೇ ವಾಲಿದರು. ಮುಖ ನೋಡದ ಗುಂಪಿಗೇ ಇಷ್ಟು ಒಲವು ಹುಟ್ಟುವುದಾದರೆ, ಇಪ್ಪತ್ತು ವರ್ಷ ಒಟ್ಟಿಗೆ ದುಡಿದು, ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಬಡಿಸಿ, ಸಾವಿನ ಮನೆಗೆ ಜೊತೆಯಾಗಿ ಹೋದವರ ನಡುವೆ ‘ನಾವು’ ಎಂಬುದು ಎಷ್ಟು ಗಟ್ಟಿಯಾಗಿರಬೇಡ? ಆ ಮಾತು ಕೇಳಿದ ಕೂಡಲೇ ಯಾರನ್ನೂ ಗದರಬೇಡಿ. ಗಮನಿಸಬೇಕಾದದ್ದು ಮಾತನ್ನಲ್ಲ. ಕೆಲಸ, ಬಡ್ತಿ, ರಜೆ ಹಂಚುವಾಗಲೂ ‘ನಾವು’, ‘ಅವರು’ ಎಂಬ ಎಣಿಕೆ ನಡೆಯುತ್ತಿದೆಯೇ ಎಂಬುದನ್ನು. ನಡೆಯುತ್ತಿದ್ದರೆ ತಪ್ಪು ಆಡಳಿತದ್ದು.

ಬರೀ ಒಂದು ಹೆಸರಿಗೆ ಇಷ್ಟು ಸಂಕಟವೇಕೆ?

‘ಬರೀ ಹೆಸರು’ ಎನ್ನುವವರು ಸಾಮಾನ್ಯವಾಗಿ ಹೆಸರು ಕಳೆದುಕೊಳ್ಳದ ಕಡೆಯವರು.

ನಮ್ಮ ಭಾಗದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1913ರಲ್ಲಿ ಆರಂಭವಾದ ಬ್ಯಾಂಕು ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆಗಿ, 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. 2019ರಲ್ಲಿ ವಿಜಯ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್‌ಗಳ ಹೆಸರೂ ಫಲಕಗಳಿಂದ ಇಳಿದವು. ಗ್ರಾಮೀಣ ಬ್ಯಾಂಕಿನವರದು ಇನ್ನೂ ಉದ್ದದ ದಾರಿ. ಮಂಡ್ಯದ ವಿಶ್ವೇಶ್ವರಯ್ಯ ಗ್ರಾಮೀಣ ಬ್ಯಾಂಕಿಗೆ ಸೇರಿದ ಒಬ್ಬ ಗುಮಾಸ್ತರನ್ನು ನೆನೆಯಿರಿ. 2012ರಲ್ಲಿ ಅವರು ಮೈಸೂರು ಕೇಂದ್ರವಾಗಿದ್ದ ಕಾವೇರಿ ಗ್ರಾಮೀಣ ಬ್ಯಾಂಕಿನವರಾದರು. 2019ರಲ್ಲಿ ಅದು ಬಳ್ಳಾರಿಯ ಪ್ರಗತಿ ಕೃಷ್ಣ ಗ್ರಾಮೀಣ ಬ್ಯಾಂಕಿನೊಂದಿಗೆ ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. 2025ರ ಮೇ 1ರಿಂದ ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಜೊತೆಗೂಡಿತು. ಅದೇ ಊರಿನ ರೈತರಿಗೆ ಅದೇ ಬೆಳೆ ಸಾಲ ಬರೆಯುತ್ತಿರುವ ಒಬ್ಬ ಮನುಷ್ಯನ ಕೈಯಲ್ಲಿ ಮೊಹರು ಮಾತ್ರ ಮತ್ತೆ ಮತ್ತೆ ಬದಲಾಗಿದೆ. ಪ್ರತಿ ಸಲವೂ ಹೊಸ ನಮೂನೆ, ಹೊಸ ತಂತ್ರಾಂಶ, ಹೊಸ ವರ್ಗಾವಣೆ ನೀತಿ, ಪರಿಚಯವಿಲ್ಲದ ಕೇಂದ್ರ ಕಚೇರಿ. ಹೆಸರಿನ ಜೊತೆ ‘ಯಾರಿಗೆ ಫೋನ್ ಮಾಡಿದರೆ ಕೆಲಸವಾಗುತ್ತದೆ’ ಎಂಬ ಜ್ಞಾನವೂ ಹೋಗುತ್ತದೆ. ನುರಿತವರು ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಹೊಸಬರಂತೆ ಕಾಣಬೇಕಾಗುತ್ತದೆ. ಸಂಕಟ ಅಲ್ಲಿದೆ.

ನಮ್ಮ ರಾಜ್ಯವೇ ಒಂದು ದೊಡ್ಡ ವಿಲೀನದ ಫಲ ಎಂಬುದನ್ನೂ ನೆನಪಿಸಿಕೊಳ್ಳಿ. 1956ರ ನವೆಂಬರ್ 1ರಂದು ಮುಂಬಯಿ, ಹೈದರಾಬಾದ್, ಮದ್ರಾಸ್ ಪ್ರಾಂತ್ಯಗಳ ಕನ್ನಡ ಸೀಮೆಗಳೂ ಕೊಡಗೂ ಹಳೆಯ ಮೈಸೂರಿನೊಂದಿಗೆ ಕೂಡಿದವು. ಹೆಸರು ಮಾತ್ರ ‘ಮೈಸೂರು’ ಎಂದೇ ಉಳಿಯಿತು. ಧಾರವಾಡದವರಿಗೂ ಕಲಬುರಗಿಯವರಿಗೂ ತಾವು ಬೇರೆಯವರ ಮನೆಗೆ ಬಂದ ಹಾಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ‘ಕರ್ನಾಟಕ’ ಎಂಬ ಹೆಸರು ಬಂದದ್ದು ಹದಿನೇಳು ವರ್ಷಗಳ ನಂತರ, 1973ರ ನವೆಂಬರ್ 1ರಂದು. ಆಗ ಮುಖ್ಯಮಂತ್ರಿಯಾಗಿದ್ದವರು ಮೈಸೂರು ಜಿಲ್ಲೆಯವರೇ ಆದ ದೇವರಾಜ ಅರಸು. ದೊಡ್ಡ ಕಡೆಯವರು ತಮಗೆ ಪ್ರಿಯವಾದುದನ್ನು ಬಿಟ್ಟುಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಹಾಗಾದರೆ ಹಳೆಯ ಹೆಸರನ್ನು ಹೇಳಿಕೊಳ್ಳಲು ಬಿಡಬೇಕೇ?

ಬಿಡಿ. ಹಳೆಯ ಗುರುತನ್ನು ಅಳಿಸದೆ ಅದರ ಮೇಲೊಂದು ಹೊಸ ಗುರುತನ್ನು ಕಟ್ಟಬಹುದು. ಎರಡನ್ನೂ ಒಬ್ಬರೇ ಹೊತ್ತುಕೊಂಡು ನಡೆಯಬಲ್ಲರು. ಸ್ಯಾಮ್ಯುಯೆಲ್ ಗಾರ್ಟ್‌ನರ್ ಮತ್ತು ಜಾನ್ ಡೊವಿಡಿಯೊ ಎಂಬ ಸಂಶೋಧಕರು ಇದನ್ನು ಜೋಡಿ ಗುರುತು ಎಂದು ವಿವರಿಸಿದ್ದಾರೆ. ಮಂಡ್ಯದವರಾಗಿದ್ದೂ ನಾವು ಕನ್ನಡಿಗರಲ್ಲವೇ? ಲೆಟರ್‌ಹೆಡ್, ಮೊಹರು, ರಸೀದಿ ಪುಸ್ತಕಗಳಲ್ಲಿ ಮಾತ್ರ ಗೊಂದಲ ಬೇಡ. ಅಲ್ಲಿ ಒಂದೇ ಹೆಸರು, ಒಂದೇ ದಿನಾಂಕದಿಂದ. ಹಳೆಯ ಸಂಸ್ಥೆಯ ಫೋಟೋ, ಪದಕ, ಸ್ಥಾಪಕರ ಪಟಗಳನ್ನು ಉಗ್ರಾಣಕ್ಕೆ ಸಾಗಿಸುವ ಅವಸರವೂ ಬೇಡ.

ಎರಡೂ ಕಡೆಯವರನ್ನು ಒಂದು ಪ್ರವಾಸಕ್ಕೆ ಕರೆದುಕೊಂಡು ಹೋದರೆ ಸರಿಹೋಗುವುದಿಲ್ಲವೇ?

ತಲಕಾಡಿಗೋ ಬಲಮುರಿಗೋ ಹೋಗಿ ಬನ್ನಿ, ಸಂತೋಷ. ಆದರೆ ಬಸ್ಸಿನಲ್ಲಿ ಯಾರ ಪಕ್ಕ ಯಾರು ಕುಳಿತರು ಎಂದು ನೋಡಿ. ಹೋಗುವಾಗ ಹೇಗೆ ಕುಳಿತಿದ್ದರೋ ಬರುವಾಗಲೂ ಬಹುತೇಕ ಹಾಗೆಯೇ ಕುಳಿತಿರುತ್ತಾರೆ. ಎರಡು ಹಳೆಯ ಸಂಸ್ಥೆಗಳ ನಡುವೆ ‘ಸೌಹಾರ್ದ ಕ್ರಿಕೆಟ್ ಪಂದ್ಯ’ ಇಡುವುದನ್ನಂತೂ ದಯವಿಟ್ಟು ಬಿಡಿ. ಆಡಲೇಬೇಕೆಂದಿದ್ದರೆ ತಂಡಗಳನ್ನು ಬೆರೆಸಿ ಆಡಿಸಿ.

1954ರಲ್ಲಿ ಅಮೆರಿಕದ ಓಕ್ಲಹೋಮಾದ ರಾಬರ್ಸ್ ಕೇವ್ ಎಂಬ ಅರಣ್ಯ ಶಿಬಿರದಲ್ಲಿ ಮುಜಫರ್ ಶರೀಫ್ ಎಂಬ ಸಮಾಜ ಮನೋವಿಜ್ಞಾನಿ ಒಂದು ಪ್ರಯೋಗ ನಡೆಸಿದರು. ಹನ್ನೊಂದು, ಹನ್ನೆರಡು ವಯಸ್ಸಿನ 22 ಹುಡುಗರನ್ನು ಎರಡು ಗುಂಪು ಮಾಡಿ, ಬಹುಮಾನವಿಟ್ಟು ಸ್ಪರ್ಧೆ ಏರ್ಪಡಿಸಿದಾಗ ದ್ವೇಷ ಬೆಳೆಯಿತು. ಬಾವುಟ ಸುಟ್ಟರು, ಕೋಣೆಗಳಿಗೆ ನುಗ್ಗಿದರು. ಆಮೇಲೆ ಒಟ್ಟಿಗೆ ಊಟಕ್ಕೆ ಕೂರಿಸಿದರು, ಸಿನಿಮಾ ತೋರಿಸಿದರು. ಪ್ರಯೋಜನವಾಗಲಿಲ್ಲ, ಊಟದ ಸಾಲಿನಲ್ಲೇ ಒಬ್ಬರ ಮೇಲೊಬ್ಬರು ಅನ್ನ ಎರಚಾಡಿದಂಥ ರಂಪ. ಮನಸ್ಸು ತಿರುಗಿದ್ದು ಶಿಬಿರದ ನೀರು ನಿಂತಾಗ ಎಲ್ಲರೂ ಸೇರಿ ಕೊಳವೆ ಹುಡುಕಬೇಕಾಗಿ ಬಂದ ಮೇಲೆ, ಊಟ ತರಬೇಕಿದ್ದ ಟ್ರಕ್ಕು ಕೆಟ್ಟು ನಿಂತಾಗ ಎಲ್ಲರೂ ಸೇರಿ ಅದನ್ನು ಎಳೆದ ಮೇಲೆ. ಎಳೆಯಲು ಬಳಸಿದ್ದು ಮೊದಲು ಹಗ್ಗಜಗ್ಗಾಟಕ್ಕೆ ತಂದಿದ್ದ ಅದೇ ಹಗ್ಗ.

ನಿಮ್ಮ ಕಚೇರಿಯಲ್ಲೂ ಕೆಟ್ಟು ನಿಂತ ಟ್ರಕ್ಕು ಒಂದಾದರೂ ಇದ್ದೇ ಇರುತ್ತದೆ. ಕಬ್ಬು ಅರೆಯುವ ಹಂಗಾಮಿಗೆ ಮುಂಚಿನ ಯಂತ್ರ ದುರಸ್ತಿ, ವರ್ಷಾಂತ್ಯದ ಲೆಕ್ಕ ತಾಳೆ, ಎರಡು ತಂತ್ರಾಂಶಗಳ ಗ್ರಾಹಕ ಪಟ್ಟಿಗಳನ್ನು ಒಂದಾಗಿಸುವುದು, ಇಂಥ ಒಂದು ನಿಜವಾದ ಕೆಲಸವನ್ನು ಬೆರೆತ ತಂಡಕ್ಕೆ ಕೊಡಿ. ಒಂದು ಕಡೆಯವರ ಜ್ಞಾನದಿಂದ ಮಾತ್ರ ಮುಗಿಯದ ಕೆಲಸವಾಗಿರಬೇಕು. ಮುಗಿದಾಗ ಹೆಸರು ಎರಡೂ ಕಡೆಯವರಿಗೆ ಬರಬೇಕು.

ಆದರೆ ಈ ಪ್ರಯೋಗಕ್ಕೊಂದು ಮಿತಿಯಿದೆ. ಅಲ್ಲಿದ್ದ ಹುಡುಗರೆಲ್ಲ ಒಂದೇ ಬಣ್ಣ, ಒಂದೇ ಮಧ್ಯಮ ವರ್ಗದವರು. ನಮ್ಮ ಕಚೇರಿಗಳಲ್ಲಿ ಸಂಸ್ಥೆಯ ಗಡಿಯ ಕೆಳಗೆ ಜಾತಿ, ಲಿಂಗ, ಭಾಷೆ, ಕಾಯಂ–ಗುತ್ತಿಗೆ ಎಂಬ ಹಳೆಯ ಗಡಿಗಳಿವೆ. ವಿಲೀನದ ಗದ್ದಲದಲ್ಲಿ ಅವು ಕಾಣದಾಗುತ್ತವೆ, ಕರಗುವುದಿಲ್ಲ. ಶರೀಫರ ಪ್ರಯೋಗ ನಡೆದ 1954ರಲ್ಲೇ ಗಾರ್ಡನ್ ಆಲ್‌ಪೋರ್ಟ್ ಎಂಬ ವಿದ್ವಾಂಸರು ಜನ ಬೆರೆತರೆ ಸಾಲದು, ಬೆರೆಯುವವರಿಗೆ ಸಮಾನ ಸ್ಥಾನ, ಸಮಾನ ಗುರಿ, ಪರಸ್ಪರ ಸಹಕಾರ ಮತ್ತು ಮೇಲಿನವರ ಸ್ಪಷ್ಟ ಬೆಂಬಲ ಇರಬೇಕು ಎಂದು ಬರೆದರು. ನಾಲ್ಕರಲ್ಲಿ ನಮ್ಮಲ್ಲಿ ಮೊದಲು ತಪ್ಪಿಹೋಗುವುದು ಸಮಾನ ಸ್ಥಾನ.

ಜ್ಯೇಷ್ಠತಾ ಪಟ್ಟಿ ಬಂದಾಗಿನಿಂದ ಮಾತೇ ನಿಂತಿದೆ. ಏನು ಮಾಡಬೇಕು?

ಇಷ್ಟೂ ಪ್ರಶ್ನೆಗಳಲ್ಲಿ ಅತ್ಯಂತ ನೋವಿನದು ಇದು. ಒಂದು ಕಡೆ ಎಂಟು ವರ್ಷಕ್ಕೆ ಸಿಗುತ್ತಿದ್ದ ಹುದ್ದೆ ಇನ್ನೊಂದು ಕಡೆ ಹದಿನಾಲ್ಕಕ್ಕೆ ಸಿಗುತ್ತಿದ್ದರೆ, ಹುದ್ದೆಯ ದಿನಾಂಕ ನೋಡಿ ಪಟ್ಟಿ ಮಾಡಿದರೂ ಅನ್ಯಾಯ, ಸೇವೆಗೆ ಸೇರಿದ ದಿನಾಂಕ ನೋಡಿ ಮಾಡಿದರೂ ಅನ್ಯಾಯ. ಎಲ್ಲರಿಗೂ ಒಪ್ಪುವ ಪಟ್ಟಿ ಸಿಗುವುದಿಲ್ಲ. ಎಲ್ಲರಿಗೂ ಅರ್ಥವಾಗುವ ಪಟ್ಟಿ ಮಾಡುವುದು ಸಾಧ್ಯ. ಅದಕ್ಕೆ ಕ್ರಮ ಮುಖ್ಯ: ಹೆಸರುಗಳು ಹೊರಬರುವ ಮೊದಲೇ ನಿಯಮ ಹೊರಬರಬೇಕು. ನಿಯಮ ರೂಪಿಸಿದ ಸಮಿತಿಯಲ್ಲಿ ಎರಡೂ ಕಡೆಯವರು ಸಮಾನ ಸಂಖ್ಯೆಯಲ್ಲಿ ಇರಬೇಕು. ಕರಡು ಪಟ್ಟಿಯನ್ನು ಸೂಚನಾ ಫಲಕದಲ್ಲಿ ಹಾಕಿ ಆಕ್ಷೇಪಣೆಗೆ ಸಮಯ ಕೊಡಬೇಕು. ಬಂದ ಪ್ರತಿಯೊಂದು ಆಕ್ಷೇಪಣೆಗೂ ಕಾರಣ ಸಹಿತ ಲಿಖಿತ ಉತ್ತರ ಹೋಗಬೇಕು. ‘ಪರಿಶೀಲಿಸಿ ತಿರಸ್ಕರಿಸಲಾಗಿದೆ’ ಎಂಬ ಒಂದು ಸಾಲು ಉತ್ತರವಲ್ಲ.

ಕೆಳಗೆ ಜಾರಿದವರನ್ನು ಅಧಿಕಾರಿ ಸ್ವತಃ ಕರೆದು ಮಾತನಾಡಿಸಬೇಕು. ಹದಿನೆಂಟು ವರ್ಷ ಶಾಖೆ ನಡೆಸಿದವರು ತಮ್ಮ ಹೆಸರು ಎಲ್ಲಿ ಹೋಯಿತೆಂದು ಸೂಚನಾ ಫಲಕದ ಮುಂದೆ ಬೆರಳಿಟ್ಟು ಹುಡುಕುವ ಪರಿಸ್ಥಿತಿ ತರಬಾರದು.

ಎರಡು ಕಡೆಯದೂ ಬೇರೆ ಬೇರೆ ಪದ್ಧತಿ. ಯಾರದು ಉಳಿಯಬೇಕು?

ಒಂದು ಸರಳ ಪರೀಕ್ಷೆ ಹೇಳುತ್ತೇನೆ. ಮೊದಲ ವರ್ಷದಲ್ಲಿ ಚಿಕ್ಕ ಸಂಸ್ಥೆಯಿಂದ ದೊಡ್ಡ ಸಂಸ್ಥೆ ತೆಗೆದುಕೊಂಡ ಪದ್ಧತಿ ಯಾವುದು ಎಂದು ಕೇಳಿ. ಒಂದೂ ಇಲ್ಲದಿದ್ದರೆ ನಡೆದಿರುವುದು ನುಂಗುವ ಕೆಲಸ. ‘ನಮ್ಮ ಮನೆಯಲ್ಲಿ ಹೀಗೆ’ ಎಂದು ಮೊದಲ ದಿನದಿಂದ ಹೇಳಿಸಿಕೊಂಡ ಸೊಸೆ ಆ ಮನೆಯನ್ನು ತನ್ನದೆಂದುಕೊಳ್ಳಲು ಎಷ್ಟು ಕಾಲ ಬೇಕು, ಎಣಿಸಿ. ಸಣ್ಣ ಸಹಕಾರ ಸಂಘದ ಗುಮಾಸ್ತರಿಗೆ ಪ್ರತಿ ಸದಸ್ಯರ ಮನೆ ಗೊತ್ತಿರುತ್ತದೆ, ಯಾರ ಪಂಪ್‌ಸೆಟ್ ಸುಟ್ಟಿದೆ ಎಂಬುದೂ ಗೊತ್ತಿರುತ್ತದೆ. ದೊಡ್ಡ ಸಂಸ್ಥೆಯ ಯಾವ ತಂತ್ರಾಂಶದಲ್ಲೂ ಅದಕ್ಕೊಂದು ಅಂಕಣ ಇರುವುದಿಲ್ಲ. ಅಂಥ ಜ್ಞಾನವನ್ನು ಕೇಳಿ ಪಡೆಯಿರಿ, ಕೊಟ್ಟವರ ಹೆಸರು ಹೇಳಿ ಬಳಸಿ.

ನಮ್ಮ ಕನ್ನಡವನ್ನು ಅಣಕಿಸುತ್ತಾರೆ. ಇದನ್ನೂ ದೂರು ಎಂದು ಹೇಳಬಹುದೇ?

ಖಂಡಿತ ಹೇಳಬಹುದು. ಮಂಡ್ಯದ ಸೀಮೆಯ ಮಾತಿಗೆ ಮೈಸೂರಿನವರು ನಗುವುದು, ಬಳ್ಳಾರಿ, ಧಾರವಾಡದಿಂದ ವರ್ಗವಾಗಿ ಬಂದವರ ಮಾತಿನ ಧಾಟಿಯನ್ನು ಸಭೆಯಲ್ಲಿ ಅನುಕರಿಸುವುದು, ಉರ್ದು ಅಥವಾ ತಮಿಳು ಮನೆಮಾತಿನವರ ಕನ್ನಡವನ್ನು ತಿದ್ದುತ್ತಲೇ ಇರುವುದು ಎಲ್ಲವೂ ‘ತಮಾಷೆ’ ಎಂಬ ಹೆಸರಿನಲ್ಲಿ ನಡೆಯುತ್ತವೆ. ಅಣಕಿಸಿಕೊಂಡವರು ಮುಂದಿನ ಸಭೆಯಲ್ಲಿ ಬಾಯಿ ತೆರೆಯುವುದಿಲ್ಲ. ಅವರಿಗೆ ಗೊತ್ತಿದ್ದ ಸಂಗತಿ ಸಂಸ್ಥೆಗೆ ತಿಳಿಯದೇ ಹೋಗುತ್ತದೆ. ಮೇಲ್ವಿಚಾರಕರು ಅಲ್ಲಿಯೇ, ಆ ಕ್ಷಣದಲ್ಲಿಯೇ, ಮೃದುವಾಗಿ ಆದರೆ ಎಲ್ಲರಿಗೂ ಕೇಳಿಸುವಂತೆ ತಡೆಯಬೇಕು. ಕೇಂದ್ರ ಕಚೇರಿ ಬೇರೆ ರಾಜ್ಯದಲ್ಲಿದ್ದು ಸಭೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ನಡೆಯುವುದಾದರೆ ನಡಾವಳಿಯ ಸಾರ ಕನ್ನಡದಲ್ಲಿ ಅದೇ ದಿನ ಎಲ್ಲರಿಗೂ ಸಿಗಲಿ. ಸುರಕ್ಷತಾ ಸೂಚನೆಗಳಂತೂ ಕನ್ನಡದಲ್ಲಿ ಇರಲೇಬೇಕು.

ಕ್ಯಾಂಟೀನ್‌ನಲ್ಲಿ ಎರಡು ಗುಂಪು ಎರಡು ಮೂಲೆ. ಬಲವಂತವಾಗಿ ಬೆರೆಸಬೇಕೇ?

ಊಟಕ್ಕೆ ಯಾರ ಜೊತೆ ಕೂರಬೇಕೆಂದು ಆದೇಶ ಮಾಡಬೇಡಿ, ಅದು ವಿರಾಮದ ಹೊತ್ತು. ನೋಡಬೇಕಾದ ಬೇರೆ ಸಂಗತಿಗಳಿವೆ. ಮುದ್ದೆ, ಬಸ್ಸಾರು ಸಿಗುತ್ತಿದ್ದ ಕ್ಯಾಂಟೀನ್ ಮುಚ್ಚಿ ಹೊಸದರಲ್ಲಿ ಬರೀ ಚಪಾತಿ, ಅನ್ನ ಇಟ್ಟಿದ್ದೀರಾ? ಡಬ್ಬಿಯಲ್ಲಿ ಮಾಂಸದ ಊಟ ತಂದವರು ಹೊರಗೆ ಮೆಟ್ಟಿಲ ಮೇಲೆ ಕೂರಬೇಕಾಗಿದೆಯೇ? ಸ್ವಚ್ಛತಾ ಸಿಬ್ಬಂದಿಗೆ ಬೇರೆ ಲೋಟ ಇದೆಯೇ? ಕೊನೆಯದು ಇದ್ದರೆ ಈ ಪುಟದ ಉಳಿದ ಮಾತೆಲ್ಲ ಪಕ್ಕಕ್ಕಿರಲಿ, ಇವತ್ತೇ ಅದನ್ನು ನಿಲ್ಲಿಸಿ. ಅದು ಅಸ್ಪೃಶ್ಯತೆ, ಸಂವಿಧಾನದ 17ನೇ ವಿಧಿ ರದ್ದುಪಡಿಸಿದ ಆಚರಣೆ, ಅಪರಾಧ.

ಹೊಸಬರ ಪರಿಚಯದ ನೆಪದಲ್ಲಿ ‘ಯಾವ ಊರು? ಯಾರ ಕಡೆಯವರು?’ ಎಂದು ಕೆದಕುತ್ತಾ ಜಾತಿ ತಿಳಿದುಕೊಳ್ಳುವ ರೂಢಿಯೂ ನಮ್ಮಲ್ಲಿದೆ. ಕೇಳುವವರಿಗೆ ಕುತೂಹಲ, ಕೇಳಿಸಿಕೊಳ್ಳುವ ಕೆಲವರಿಗೆ ಅದು ಹೊಸ ಕಚೇರಿಯಲ್ಲಿ ಮತ್ತೆ ಮೊದಲಿನಿಂದ ಎದುರಿಸಬೇಕಾದ ಪರೀಕ್ಷೆ.

ಆಯುಧಪೂಜೆ ಮಾಡಬೇಕೋ ಬೇಡವೋ?

ದಸರೆಯ ಊರಿನಲ್ಲಿ ಲೇತ್ ಯಂತ್ರಕ್ಕೂ ಕಂಪ್ಯೂಟರಿಗೂ ಹೂವಿಟ್ಟು, ಬೂದುಗುಂಬಳ ಒಡೆದು, ಕಡ್ಲೆಪುರಿ ಹಂಚುವ ದಿನವನ್ನು ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಅದು ಕೆಲಸದ ಸಾಮಗ್ರಿಗೆ ಗೌರವ ತೋರುವ ದಿನ, ಬಹಳ ಕಡೆ ಎಲ್ಲ ಧರ್ಮದವರೂ ಕೂಡುವ ದಿನವೂ ಹೌದು. ಮೂರು ಎಚ್ಚರ ಸಾಕು: ಚಂದಾ ಕಡ್ಡಾಯವಾಗಬಾರದು, ಪೂಜೆಗೆ ಬಾರದವರ ಹೆಸರು ಚರ್ಚೆಯಾಗಬಾರದು, ಸಿಹಿಯ ಡಬ್ಬಿ ಕಾಯಂ ನೌಕರರಿಗೊಂದು ಬಗೆ, ಗುತ್ತಿಗೆಯವರಿಗೊಂದು ಬಗೆ ಆಗಬಾರದು. ಅಷ್ಟೇ ಉದಾರವಾಗಿ ರಂಜಾನ್ ತಿಂಗಳಲ್ಲಿ ಸಂಜೆಯ ಪಾಳಿಯನ್ನು ಹೊಂದಿಸಿಕೊಡಿ, ಕ್ರಿಸ್‌ಮಸ್‌ಗೆ ರಜೆ ಕೇಳಿದವರಿಗೆ ಕೊಡಿ. ‘ಹೇಗೂ ನಿಮಗೆ ಹಬ್ಬವಿಲ್ಲವಲ್ಲ’ ಎಂದು ಪ್ರತಿ ದೀಪಾವಳಿಗೂ ಒಬ್ಬರನ್ನೇ ಕೆಲಸಕ್ಕೆ ಹಾಕುವುದು ನ್ಯಾಯವಲ್ಲ.

ಮಂಡ್ಯದ ಘಟಕ ಮುಚ್ಚಿ ನಮ್ಮನ್ನು ಮೈಸೂರಿಗೆ ಹಾಕಿದ್ದಾರೆ. ‘ಬರೀ 45 ಕಿಲೋಮೀಟರ್’ ಎನ್ನುತ್ತಾರೆ. ಇದಕ್ಕೆ ಏನು ಹೇಳಲಿ?

ನಕ್ಷೆಯ ಮೇಲೆ ಅದು ಹತ್ತಿರವೇ. ಮನೆಯಿಂದ ಬಸ್ ನಿಲ್ದಾಣ, ಮೈಸೂರಿನ ನಿಲ್ದಾಣದಿಂದ ಹೆಬ್ಬಾಳ ಅಥವಾ ಕೂರ್ಗಳ್ಳಿಯ ಕೈಗಾರಿಕಾ ಪ್ರದೇಶಕ್ಕೆ ಮತ್ತೊಂದು ಬಸ್ಸು, ಇದನ್ನೆಲ್ಲ ಕೂಡಿ ನೋಡಿ. 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಬೈಕಿನವರು ಸರ್ವಿಸ್ ರಸ್ತೆಯಲ್ಲೇ ಬರಬೇಕು. ಕಾರಿನಲ್ಲಿ ಬರುವ ಅಧಿಕಾರಿಗೆ ಕಾಣುವ ದೂರವೇ ಬೇರೆ, ಇವರದೇ ಬೇರೆ. ಸಂಜೆ ಆರಕ್ಕೆ ಕರೆದ ಸಭೆ ಮಗು ಬಿಟ್ಟು ಬಂದ ತಾಯಿಯ ಪಾಲಿಗೆ ಸಭೆಯೇ ಅಲ್ಲ, ಶಿಕ್ಷೆ. ಮುಖ್ಯ ಸಭೆಗಳನ್ನು ಮಧ್ಯಾಹ್ನಕ್ಕೆ ಮುಂಚೆ ಇಡಿ, ಪಾಳಿಯನ್ನು ಬಸ್ಸು, ರೈಲಿನ ವೇಳೆಗೆ ಹೊಂದಿಸಿ, ಸಾಧ್ಯವಿದ್ದರೆ ಸಂಸ್ಥೆಯ ವಾಹನ ಬಿಡಿ. ಸಂಸ್ಥೆ ತನ್ನ ಖರ್ಚು ಉಳಿಸಲು ಘಟಕ ಮುಚ್ಚಿದ್ದರೆ, ಉಳಿದ ಹಣದಲ್ಲಿ ಒಂದು ಪಾಲು ಈ ಪ್ರಯಾಣಕ್ಕೆ ಹೋಗುವುದು ನ್ಯಾಯ.

ವಿಲೀನದ ನಂತರ ಕಾನೂನಿನ ಪ್ರಕಾರ ತಪ್ಪದೆ ನೋಡಿಕೊಳ್ಳಬೇಕಾದದ್ದು ಏನು?

ಎರಡು ಚಿಕ್ಕ ಸಂಸ್ಥೆಗಳು ಸೇರಿದಾಗ ನೌಕರರ ಸಂಖ್ಯೆ ಕೆಲವು ಮಿತಿಗಳನ್ನು ದಾಟುತ್ತದೆ, ಇದು ಹಲವರ ಗಮನಕ್ಕೆ ಬರುವುದಿಲ್ಲ. 10 ಅಥವಾ ಹೆಚ್ಚು ಮಂದಿ ಇರುವಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಯಂತೆ ಆಂತರಿಕ ಸಮಿತಿ ಇರಬೇಕು. ಅಧ್ಯಕ್ಷತೆ ಹಿರಿಯ ಮಹಿಳಾ ನೌಕರರದು, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರು, ಹೊರಗಿನ ಒಬ್ಬ ಸದಸ್ಯರು ಕಡ್ಡಾಯ. ವಿಲೀನವಾದ ಮೇಲೂ ಫಲಕದ ಮೇಲೆ ನಿವೃತ್ತರ, ವರ್ಗವಾದವರ ಹೆಸರೇ ಉಳಿದಿರುವುದನ್ನು ಎಷ್ಟೋ ಕಡೆ ಕಾಣಬಹುದು. ಹಳೆಯ ಸಂಸ್ಥೆಯಲ್ಲಿ ಬಾಕಿಯಿದ್ದ ದೂರುಗಳನ್ನು ಹೊಸ ಸಮಿತಿ ಕೈಗೆತ್ತಿಕೊಳ್ಳಲಿ. 50 ಅಥವಾ ಹೆಚ್ಚು ನೌಕರರಿದ್ದರೆ ಶಿಶುಪಾಲನಾ ಸೌಲಭ್ಯ ಬೇಕು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಹಳೆಯ ಕಟ್ಟಡದಲ್ಲಿದ್ದ ಇಳಿಜಾರು ದಾರಿ ಹೊಸ ಕಟ್ಟಡದಲ್ಲಿ ಇದೆಯೇ ಎಂದು ಗಾಲಿಕುರ್ಚಿ ಬಳಸುವವರನ್ನೇ ಕೇಳಿ. ಶ್ರವಣದೋಷವಿರುವ ಸಹೋದ್ಯೋಗಿಗೆ ಯಾವ ಅನುಕೂಲ ಬೇಕು ಎಂಬ ಬಗ್ಗೆ ಸಲಹೆ ಬೇಕಿದ್ದರೆ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ನಮ್ಮೂರಿನಲ್ಲಿದೆ.

ಭವಿಷ್ಯನಿಧಿ ಖಾತೆಗಳ ವರ್ಗಾವಣೆ, ಸೇವಾ ನಿರಂತರತೆಯ ಪತ್ರ ಇವುಗಳನ್ನು ಪ್ರತಿ ನೌಕರರಿಗೂ ಬರಹದಲ್ಲಿ ಕೊಡಿ. ‘ಚಿಂತೆ ಬೇಡ, ಎಲ್ಲ ಸರಿಹೋಗುತ್ತದೆ’ ಎಂಬ ಬಾಯಿಮಾತು ಚಿಂತೆಯನ್ನು ಹೆಚ್ಚಿಸುತ್ತದೆ.

ಗುತ್ತಿಗೆ ನೌಕರರೂ ಈ ತಂಡಕ್ಕೆ ಸೇರುತ್ತಾರೆಯೇ?

ಸೇರುತ್ತಾರೆ. ಕಾವಲುಗಾರರು, ಚಾಲಕರು, ಸ್ವಚ್ಛತಾ ಸಿಬ್ಬಂದಿ ವಿಲೀನದ ಸುದ್ದಿಯನ್ನು ಕೊನೆಯಲ್ಲಿ ಕೇಳುವವರು, ಕೆಲಸ ಕಳೆದುಕೊಳ್ಳುವುದರಲ್ಲಿ ಮೊದಲಿಗರು. ಗುತ್ತಿಗೆದಾರರು ಬದಲಾಗುವುದಿದ್ದರೆ ಅವರಿಗೆ ಮುಂಚಿತವಾಗಿ, ನೇರವಾಗಿ ತಿಳಿಸಿ.

ಹಳೆಯ ವಾಟ್ಸ್‌ಆ್ಯಪ್ ಗುಂಪುಗಳನ್ನು ಮುಚ್ಚಿಸಬೇಕೇ?

ಬೇಡ. ಅಧಿಕೃತ ಸೂಚನೆಗಳು ಮಾತ್ರ ಎಲ್ಲರೂ ಇರುವ ಹೊಸ ಗುಂಪಿನಲ್ಲೇ ಬರಲಿ.

ಒಂದಾಗಿದ್ದೇವೆ ಎಂದು ತಿಳಿಯುವುದು ಹೇಗೆ? ಎಷ್ಟು ಸಮಯ ಬೇಕು?

ಸಮಯಕ್ಕೆ ಗಡುವು ಹಾಕಲಾರೆ, ಆದರೆ ತಿಂಗಳುಗಳ ಮಾತಲ್ಲ, ವರ್ಷಗಳ ಮಾತು. 1998ರಲ್ಲಿ ‘ಸಮಾನರ ವಿಲೀನ’ ಎಂದು ಸಾರಿ ಒಂದಾದ ಜರ್ಮನಿಯ ಡೈಮ್ಲರ್ ಮತ್ತು ಅಮೆರಿಕದ ಕ್ರೈಸ್ಲರ್ ಕಾರು ಕಂಪನಿಗಳು 2007ರಲ್ಲಿ ಬೇರೆಯಾದವು. ಹಣವಿದ್ದೂ ಎರಡು ಕೆಲಸದ ರೀತಿಗಳು ಬೆರೆಯಲಿಲ್ಲ ಎಂಬುದು ಅದಕ್ಕೆ ಹೇಳುವ ಮುಖ್ಯ ಕಾರಣಗಳಲ್ಲಿ ಒಂದು.

ಸಮೀಕ್ಷೆಯ ಅಂಕಗಳಿಗಿಂತ ನಾನು ಕೆಲವು ಸಂಗತಿಗಳನ್ನು ಹೆಚ್ಚು ನಂಬುತ್ತೇನೆ. ರಾಜೀನಾಮೆ ಕೊಟ್ಟವರಲ್ಲಿ ಯಾವ ಕಡೆಯವರು ಹೆಚ್ಚು? ಸಭೆಯಲ್ಲಿ ಮೇಲಧಿಕಾರಿಯ ಅಭಿಪ್ರಾಯಕ್ಕೆ ‘ಹಾಗಲ್ಲ’ ಎಂದವರು ಚಿಕ್ಕ ಕಡೆಯವರಲ್ಲಿ ಯಾರಾದರೂ ಇದ್ದಾರೆಯೇ, ಹಾಗೆ ಹೇಳಿದ ಮೇಲೆ ಅವರಿಗೆ ಏನಾಯಿತು? ಕೆಲಸದಲ್ಲಿ ತೊಡಕಾದಾಗ ಒಬ್ಬರು ಮೊದಲು ಫೋನ್ ಮಾಡುವುದು ತಮ್ಮ ಹಳೆಯ ಕಡೆಯವರಿಗೋ, ಅಥವಾ ಆ ಕೆಲಸ ಬಲ್ಲವರಿಗೋ? ತಪ್ಪು ನಡೆದಾಗ ‘ಇದು ಅವರ ಕಡೆಯ ಅಭ್ಯಾಸ’ ಎಂಬ ವಿವರಣೆ ನಿಂತಿದೆಯೇ?

ನಾನು ಅಧಿಕಾರಿಯಲ್ಲ, ಸಾಮಾನ್ಯ ನೌಕರಳು. ನನ್ನಿಂದ ಏನಾದೀತು?

ಬಹಳಷ್ಟು. ಇನ್ನೊಂದು ಕಡೆಯಿಂದ ಬಂದ ಒಬ್ಬರಿಗೆ ನಿಮ್ಮ ವಿಭಾಗದ ಕೆಲಸವನ್ನು ಪಕ್ಕದಲ್ಲಿ ಕುಳಿತು ಕಲಿಸಿ, ಅವರ ವಿಭಾಗದ ಒಂದು ಕೆಲಸವನ್ನು ಅವರಿಂದ ಕಲಿಯಿರಿ. ಎರಡನೆಯದನ್ನು ಮರೆಯಬೇಡಿ, ಕಲಿಸುವವರು ಸದಾ ಒಂದೇ ಕಡೆಯವರಾದರೆ ಅದು ಸ್ನೇಹವಾಗುವುದಿಲ್ಲ. ಸಭೆಯಲ್ಲಿ ಅವರು ಹೇಳಿದ ಸಲಹೆ ಯಾರ ಕಿವಿಗೂ ಬೀಳದೆ ಹೋದರೆ ‘ಈಗ ಇವರು ಹೇಳಿದ್ದನ್ನು ಇನ್ನೊಮ್ಮೆ ಕೇಳೋಣ’ ಎನ್ನಿ. ಅವರು ಇಲ್ಲದಿರುವಾಗ ಅವರ ಹಳೆಯ ಸಂಸ್ಥೆಯ ಬಗ್ಗೆ ಹಗುರ ಮಾತು ಬಂದರೆ ಅದರಲ್ಲಿ ಸೇರಬೇಡಿ. ವರ್ಗಾವಣೆ, ಬಡ್ತಿ, ಪಾಳಿಯ ವಿಷಯದಲ್ಲಿ ನಿಮಗೆ ಅನ್ಯಾಯವೆನಿಸಿದರೆ ಚಹಾ ಹೊತ್ತಿನ ಮಾತಿಗೆ ಬಿಡದೆ ದಿನಾಂಕ ಹಾಕಿ ಬರೆದುಕೊಡಿ, ಸ್ವೀಕೃತಿ ಪಡೆಯಿರಿ. ಇನ್ನೊಂದು ಕಡೆಯವರಿಗೆ ಅದೇ ಅನ್ಯಾಯವಾಗಿದ್ದರೆ ಅವರ ಅರ್ಜಿಗೆ ನಿಮ್ಮ ಸಹಿಯನ್ನೂ ಹಾಕಿ.